ಬಲಗಡೆಯ ಹಿಂದಿನ ಗಾಲಿ

"ಹದಿನಾಲ್ಕು ನಂಬರ್ ಪಾನಾ!"

ಕಾರಿನ ಕೆಳಗಿನಿಂದ ಒಂದು ಕೈ ಹೊರಗೆ ಬಂತು. ಮೊಣಕೈವರೆಗೂ ಗ್ರೀಸು ಮೆತ್ತಿದ ಕೈ. ಭಾಗ್ಯಜ್ಯೋತಿ ಗೋಣಿತಟ್ಟಿನ ಮೇಲೆ ಸಾಲಾಗಿ ಜೋಡಿಸಿದ್ದ, ನಟ್ಟು ಬಿಚ್ಚುವ ಪಾನಾಗಳಲ್ಲಿ ಒಂದನ್ನು ಎತ್ತಿ ಆ ಕೈಯೊಳಗೆ ಇಟ್ಟಳು.

ಕೈ ಒಳಗೆ ಹೋಯಿತು. ಮತ್ತೆ ಹೊರಗೆ ಬಂತು.

"ಇದು ಹನ್ನೆರಡು. ಸಾಲ್ಯಾಗ ಇಷ್ಟೂ ಕಲ್ಸಿಲ್ಲೇನು ನಿನಗ?"

"ಸಾಲ್ಯಾಗ ಪಾನಾ ಕಲಸೂದಿಲ್ಲ ಕಾಕಾ. ಅದರ ಮ್ಯಾಲಿನ ನಂಬರ್ ಸವದು ಹೋಗೈತಿ."

"ಕಣ್ಣೀಲೆ ಅಳೀಬೇಕು. ಮೆಕ್ಯಾನಿಕ್ ಅಂದ್ರ ಕಣ್ಣು!"

"ಹಂಗಾದ್ರ ಹೊರಗ ಬಂದು ನಿನ್ನ ಕಣ್ಣೀಲೆ ನೋಡಿ ತಗೋ."

ಕಾರಿನ ಕೆಳಗಿನಿಂದ ಎರಡು ನಗು ಒಟ್ಟಿಗೇ ಕೇಳಿಸಿದವು. ಒಂದು ಅನಿಲಕಾಕಾನದು. ಇನ್ನೊಂದು ಮೋದಿನಸಾಬನದು. ಮೋದಿನಸಾಬನ ಗ್ಯಾರೇಜು ಇದ್ದದ್ದು ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದೆ. ಟ್ರ್ಯಾಕ್ಟರು, ಜೀಪು ರಿಪೇರಿ ಮಾಡುವುದು ಅವನ ಕಸುಬು. ಈ ಕಾರಿನ ಸುದ್ದಿ ಕೇಳಿದಾಗಿನಿಂದ ಅವನಿಗೂ ಹುಚ್ಚು ಹತ್ತಿತ್ತು. ಬಿಡುವಾದಾಗಲೆಲ್ಲ ಲೂನಾ ಏರಿ ಇವರ ಊರು ಯಂಕಂಚಿಗೆ ಬಂದುಬಿಡುತ್ತಿದ್ದ.

ಅದು ಬೇಸಿಗೆ ರಜೆ. ಊರಿನ ನಾಯಿಗಳು ಕೂಡ ಬೊಗಳುವುದನ್ನು ಬಿಟ್ಟು ನೆರಳು ಹುಡುಕಿಕೊಂಡಿದ್ದವು. ಗೆಳತಿಯರೆಲ್ಲ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತ ಆಡುತ್ತಿದ್ದರೆ, ಭಾಗ್ಯಾ ಮಾತ್ರ ದನದ ಕೊಟ್ಟಿಗೆಯಲ್ಲಿ ಕುಳಿತಿದ್ದಳು. ಅವಳ ಮುಂದೆ ಚಿಮಣಿ ಎಣ್ಣೆ ತುಂಬಿದ ತಗಡಿನ ಬೋಗುಣಿ. ಅದರಲ್ಲಿ ನಟ್ಟು, ಬೋಲ್ಟು, ಸ್ಕ್ರೂ. ಒಂದೊಂದನ್ನೂ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಅವಳು ಊಟ ಮಾಡಿದರೆ ರೊಟ್ಟಿಯೂ ಚಿಮಣಿ ಎಣ್ಣೆಯ ವಾಸನೆ ಹೊಡೆಯುತ್ತಿತ್ತು.

ಇಷ್ಟೆಲ್ಲ ಒಂದು ಸೀಟಿಗಾಗಿ.

ಆ ಕಾರಿಗೆ ಇದ್ದದ್ದೇ ಎರಡು ಸೀಟು. ಎರಡೇ ಬಾಗಿಲು. ತಲೆಯ ಮೇಲೆ ಟಾಪೇ ಇಲ್ಲ. ಬಣ್ಣ ಕೆಂಪು. ಮೂತಿ ಉದ್ದ, ಹಿಂಭಾಗ ಗಿಡ್ಡ. ನೆಲಕ್ಕೆ ಎಷ್ಟು ಹತ್ತಿರ ಇತ್ತೆಂದರೆ, ಅದರ ಕೆಳಗೆ ನುಸುಳುವ ಬೆಕ್ಕು ಹೊಟ್ಟೆ ಒಳಗೆ ಎಳೆದುಕೊಳ್ಳಬೇಕಿತ್ತು. ಈಗ ರಿಪೇರಿಗೆಂದು ನಾಲ್ಕೂ ಮೂಲೆಗೆ ಕಲ್ಲು ಕೊಟ್ಟು ಎತ್ತರಿಸಿದ್ದರು.

ಅದನ್ನು ತಂದವರು ಭಾಗ್ಯಾಳ ಮುತ್ಯಾ, ಅಂದರೆ ಅಪ್ಪನ ಅಪ್ಪ ಬಸಂತರಾಯಗೌಡರು. ಸೋಲಾಪುರದ ಒಬ್ಬ ಮಿಲ್ಲಿನ ಸಾಹುಕಾರರ ಮನೆಯಲ್ಲಿ ಹೆಚ್ಚು ಓಡದೆ ನಿಂತಿದ್ದ ವಿಲಾಯತಿ ಕಾರು ಅದು, ರೇಸಿನಲ್ಲಿ ಓಡುವಂಥದ್ದು. ಸೋಲಾಪುರದಿಂದ ಸಿಂದಗಿಯವರೆಗೆ ಗಾಳಿಯಂತೆ ಬಂತಂತೆ. ಸಿಂದಗಿ ದಾಟಿದ ಮೇಲೆ ಮಳೆ ಹಿಡಿಯಿತು. ಎರೆಮಣ್ಣಿನ ದಾರಿಯಲ್ಲಿ ಕಾರಿನ ಹೊಟ್ಟೆ ಹೂತು ಹೋಯಿತು. ಕೊನೆಗೆ ಜೋಡೆತ್ತು ಕಟ್ಟಿ ಎಳೆದು ಊರಿಗೆ ತಂದರು. ಅಂದು ಕೊಟ್ಟಿಗೆ ಸೇರಿದ ಕಾರು ಮತ್ತೆ ರಸ್ತೆ ಕಾಣಲಿಲ್ಲ.

ಆದರೆ ಮುತ್ಯಾ ದಿನಾ ಮಧ್ಯಾಹ್ನ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಅದನ್ನು ಚಾಲು ಮಾಡುತ್ತಿದ್ದರು. ಬಾಗಿಲ ಹಿಂದಿನಿಂದ 'ಭರ್‌ರ್' ಎಂಬ ಸದ್ದು ಬಂದರೆ ಊರವರು, "ಗೌಡ್ರು ಸೋಲಾಪುರಕ್ಕ ಹೊಂಟ್ರು," ಎಂದು ನಗುತ್ತಿದ್ದರು. ಸದ್ದು ನಿಂತರೆ, "ಬಂದ್ರು ನೋಡು, ಚಾ ಕುಡದು," ಎನ್ನುತ್ತಿದ್ದರು.

ಭಾಗ್ಯಾ ಹುಟ್ಟುವ ಮೊದಲೇ ಮುತ್ಯಾ ತೀರಿಹೋಗಿದ್ದರು. ನಗು ಮಾತ್ರ ಊರಿನಲ್ಲಿ ಉಳಿದಿತ್ತು. ಪರೀಕ್ಷೆ ಮುಗಿದ ದಿನ ಕ್ಲಾಸಿನಲ್ಲಿ ಪರಶು ಅದನ್ನೇ ಕೆದಕಿದ್ದ. ಪರಶುವಿನ ನಾಲಿಗೆ ಬ್ಲೇಡಿಗಿಂತ ಹರಿತ.

"ನಿಮ್ಮ ಕಾಕಾ ಕಾರ್ ರಿಪೇರಿ ಮಾಡ್ತಾನಂತಲ್ಲ. ಅದರ ಮುಂದ ಕಟ್ಟೂ ಎತ್ತಿಗಿ ಲೈಸೆನ್ಸ್ ಮಾಡಿಸ್ಯಾನೇನು?"

ಕ್ಲಾಸೆಲ್ಲ ಗೊಳ್ಳೆಂದಿತು. ಭಾಗ್ಯಾಳ ಕಿವಿ ಕೆಂಪಾದವು.

"ಸಾಲಿ ಸುರು ಆಗೂ ದಿನಾ ಆ ಕಾರನ್ಯಾಗ ಕುಂತು ಬರ್ತೇನಿ, ನೋಡಕೋ. ಗೇಟಿನ ತನಕಾ!"

"ಬಂದ್ರ ದಸರಾ ತನಕಾ ನಿನ್ನ ಪಾಟಿಚೀಲಾ ನಾ ಹೊರ್ತೇನಿ. ಬರಲಿಲ್ಲಂದ್ರ?"

"ನಿಂದು ನಾ ಹೊರ್ತೇನಿ!"

"ಎಲ್ಲಾರೂ ಕೇಳಿದ್ರಿಲ್ಲೋ?" ಎಂದ ಪರಶು. ಎಲ್ಲರೂ ಕೇಳಿದ್ದರು.

ಆ ಸಂಜೆಯೇ ಭಾಗ್ಯಾ ಕಾಕಾನ ಹತ್ತಿರ ಮಾತು ತೆಗೆದುಕೊಂಡಳು. "ಮೊದಲನೇ ಸಲ ಎಡಗಡಿ ಸೀಟು ನಿಂದ. ಆದ್ರ ಪೂರಾ ಸೂಟಿ ನನ್ನ ಅಸಿಸ್ಟಂಟ್ ಆಗಬೇಕು," ಎಂದಿದ್ದ ಕಾಕಾ.

*

ಕಾಕಾನಿಗೆ ಕಾರು ಬರೀ ರಿಪೇರಿಯಾದರೆ ಸಾಲದು. ಅದು ಮೊದಲಿಗಿಂತ ಮೇಲಾಗಬೇಕು. ಎರೆಮಣ್ಣಿನಲ್ಲಿ ಹೊಟ್ಟೆ ಹೂಳಬಾರದೆಂದು ಸ್ಪ್ರಿಂಗಿಗೆ ಹೆಚ್ಚಿನ ಪಾಟಾ ಹಾಕಿಸಿ ಎತ್ತರ ಮಾಡಿಸಿದ. ಮುಂದಿನ ಗಾಲಿಗಳಿಗೆ ವ್ಯಾನಿನ ಬ್ರೇಕು ಕೂಡಿಸಿದ. ವೈರಿಂಗೆಲ್ಲ ಹೊಸದು. ಸೀಟಿಗೆ ಹೊಸ ರೆಕ್ಸಿನ್. ಕೊನೆಗೆ ಒಂದು ದಿನ ಲಾರಿಯ ಹಾರ್ನು ತಂದ. ಅದು ಮೂರು ಸ್ವರದಲ್ಲಿ ಕೂಗುವ ಹಾರ್ನು.

"ಒಮ್ಮಿ ಒತ್ತಿ ನೋಡು," ಎಂದ ಭಾಗ್ಯಾಳಿಗೆ.

ಒತ್ತಿದಳು.

ಪಕ್ಕದ ಗೂಟಕ್ಕೆ ಕಟ್ಟಿದ್ದ ಎಮ್ಮೆ ಹಗ್ಗ ಹರಿದುಕೊಂಡು, ಬಾಗಿಲಲ್ಲಿ ಚಹಾ ತರುತ್ತಿದ್ದ ಭಾಗ್ಯಾಳ ಅವ್ವನನ್ನು ಸವರಿಕೊಂಡು, ನೇರ ಕೆರೆಯ ಕಡೆ ಓಡಿತು. ಅದನ್ನು ಹಿಡಿದು ತರುವಷ್ಟರಲ್ಲಿ ಹೊತ್ತು ಮುಳುಗಿತು. ಮರುದಿನ ಎಮ್ಮೆ ಹಾಲು ಕೊಡಲಿಲ್ಲ. ಅದರ ಮರುದಿನವೂ ಕೊಡಲಿಲ್ಲ.

"ಹಾಲ ಬೇಕೋ, ಹಾರ್ನ ಬೇಕೋ?" ಎಂದು ಅವ್ವ ಕೇಳಿದ ಮೇಲೆ ಹಾರ್ನು ಸಿಂದಗಿಗೆ ವಾಪಸು ಹೋಯಿತು.

ಮನೆಯಲ್ಲಿ ಎಲ್ಲರೂ ಕಾರಿನ ಮಾತು ಆಡುತ್ತಿದ್ದರು. ಅಪ್ಪ ಬೈಯುತ್ತಿದ್ದ, ಅವ್ವ ಗೊಣಗುತ್ತಿದ್ದಳು. ಬಂದವರು ಹೋದವರು ಬುದ್ಧಿ ಹೇಳುತ್ತಿದ್ದರು. ಅಪ್ಪನ ಅವ್ವ ಬಾಳಮ್ಮ, ಭಾಗ್ಯಾಳ ಆಯಿ, ಒಬ್ಬಳೇ ಏನೂ ಅನ್ನುತ್ತಿರಲಿಲ್ಲ. ಬಾಳಮ್ಮ ಎಂದರೆ ಊರಿಗೇ ಮಾತಿನ ಮಲ್ಲಿ. ಅಂಥ ಆಯಿ ಕಾರಿನ ಸುದ್ದಿ ಬಂದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದಳು, ಇಲ್ಲವೇ ಬಾಯಿಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಆಯಿಗಿ ಆ ಕಾರ್ ಕಂಡ್ರ ಆಗೂದಿಲ್ಲ," ಎನ್ನುತ್ತಿದ್ದ ಕಾಕಾ. "ಅಪ್ಪ ಆಕಿಗಿಂತ ಅದನ್ನ ಹೆಚ್ಚು ನೋಡಕೊಂಡ ಅಂತ ಸಿಟ್ಟು."

ಇರಬಹುದು ಎಂದುಕೊಂಡಿದ್ದಳು ಭಾಗ್ಯಾ.

*

ಗಾಲಿ ಬಿಚ್ಚಿದ ದಿನ ಮೋದಿನಸಾಬ ಬಹಳ ಹೊತ್ತು ತಲೆ ಕೆರೆದುಕೊಂಡ.

"ಗೌಡ್ರ, ಮೀಟರನ್ಯಾಗ ನಾಕ ಸಾವಿರ ಮೈಲಿನೂ ಪೂರ್ತಿ ಆಗಿಲ್ಲ. ಇಷ್ಟು ಕಡಿಮಿ ಓಡಿದ ಗಾಡಿ ನಾ ನೋಡೇ ಇಲ್ಲ. ಇಂಜಿನ್ ಬೆಣ್ಣಿ ಇದ್ದಂಗ ಐತಿ. ಮೂರು ಗಾಲಿ ಬೇರಿಂಗ್ ಮದುಮಗನಂಗ ಹೊಳೀತಾವು. ಈ ಬಲಗಡಿ ಹಿಂದಿಂದು ನೋಡ್ರಿ. ಹಲ್ಲು ಉದುರಿದ ಮುದುಕ!"

ಭಾಗ್ಯಾ ಬಗ್ಗಿ ನೋಡಿದಳು. ಬೇರಿಂಗು ಸವೆದು ಗಡಗಡ ಅಲ್ಲಾಡುತ್ತಿತ್ತು. ಎರಡು ಹಿಂದಿನ ಗಾಲಿಗಳ ನಡುವಿನ ಡಬ್ಬಿಯೊಳಗೆ ಇದ್ದ ಪುಟ್ಟ ಗೇರುಗಳ ಹಲ್ಲೂ ಸವೆದಿದ್ದವು.

"ಒಂದ ಗಾಲಿ ಹ್ಯಾಂಗ ಸವೀತೈತಿ ಚಾಚಾ?" ಕೇಳಿದಳು.

"ನನಗನಸ್ತೈತಿ, ನಿಮ್ಮ ಮುತ್ಯಾ ಯಾವಾಗಲೂ ಎಡಕ್ಕ ತಿರುಗ್ಯಾರ. ಎಡಕ್ಕ ತಿರುಗಿದ್ರ ಭಾರಾ ಬಲಕ್ಕ ಬೀಳ್ತೈತಿ."

"ಬರೇ ಎಡಕ್ಕ ತಿರುಗಿದ್ರ ಗಾಡಿ ಊರಿಗಿ ಬರ್ತಿತ್ತೇನು? ಸೋಲಾಪುರದಾಗ ಗರಗರ ಸುತ್ತತಿತ್ತು," ಎಂದ ಕಾಕಾ.

"ಹಂಗಾದ್ರ ನೀವ ಹೇಳ್ರಿ."

ಕಾಕಾನಿಗೂ ತಿಳಿಯಲಿಲ್ಲ. ಸೋಲಾಪುರದ ಗುಜರಿ ಬಜಾರಿನಲ್ಲಿ ಮೋದಿನಸಾಬನ ಪರಿಚಯದವನೊಬ್ಬ ಇದ್ದ. ಎಸ್‌ಟಿಡಿ ಬೂತಿನಿಂದ ಅವನಿಗೆ ಫೋನು ಹೋಯಿತು. ಬೇರಿಂಗು, ಗೇರು ಹುಡುಕಿ ಕಳಿಸುತ್ತೇನೆ, ಆದರೆ ಎಂದು ಸಿಕ್ಕೀತೋ ಹೇಳಲಾರೆ ಎಂದನಂತೆ ಅವನು.

ಭಾಗ್ಯಾ ಬೆರಳು ಮಡಚಿ ದಿನ ಎಣಿಸಿದಳು. ಸಾಲಿ ಸುರುವಾಗಲು ಹೆಚ್ಚು ದಿನ ಇರಲಿಲ್ಲ. ಕಣ್ಣು ಮುಚ್ಚಿದರೆ ಪರಶುವಿನ ಪಾಟಿಚೀಲ ಕಾಣುತ್ತಿತ್ತು. ಅದರಲ್ಲಿ ಅವನು ಬೇಕೆಂದೇ ಕಲ್ಲು ತುಂಬುವವನು.

ಅವಳು ಸುಮ್ಮನೆ ಕುಳಿತು ಆ ಗಾಲಿಯನ್ನು ತಿಕ್ಕತೊಡಗಿದಳು. ಟಾಯರು ಬಿಚ್ಚಿದ ಬರೀ ಕಬ್ಬಿಣದ ಗಾಲಿ. ತುಕ್ಕು ಹೋದ ಮೇಲೆ ಅಂಚಿನ ಸುತ್ತ ಒಂದು ಅಗಲವಾದ ಪಟ್ಟಿ ಕಾಣಿಸಿತು. ಅಷ್ಟು ಜಾಗ ಮಾತ್ರ ಕನ್ನಡಿಯಂತೆ ನುಣ್ಣಗಾಗಿತ್ತು. ನೊಗ ತಿಕ್ಕಿ ತಿಕ್ಕಿ ಎತ್ತಿನ ಹೆಗಲು ನುಣ್ಣಗಾಗುತ್ತದಲ್ಲ, ಹಾಗೆ. ಉಳಿದ ಮೂರು ಗಾಲಿಗಳಲ್ಲಿ ಅಂಥ ಪಟ್ಟಿ ಇರಲಿಲ್ಲ.

ಅಷ್ಟರಲ್ಲಿ ಕಾಕಾ ಹೊಸ ಬ್ಯಾಟರಿ ಜೋಡಿಸಿ, "ಗಾಲಿ ಇಲ್ಲದಿದ್ರ ಏನಾತು, ಇಂಜಿನ್ನರ ಚಾಲು ಮಾಡೋಣು," ಎಂದ.

ಕಾರು ಕೆಮ್ಮಿತು. ಸೀನಿತು. ಕಪ್ಪು ಹೊಗೆ ಉಗುಳಿತು. ಆಮೇಲೆ ಒಮ್ಮೆಲೇ 'ಭರ್‌ರ್' ಎಂದಿತು. ಕಾಕಾ ಮೋದಿನಸಾಬನನ್ನು ತಬ್ಬಿಕೊಂಡ. ಇಬ್ಬರ ಮುಖದ ಗ್ರೀಸೂ ಅದಲುಬದಲಾಯಿತು.

"ಓಡಿ ಹೋಗಿ ಆಯಿಗಿ ಹೇಳು, ಚಾಲು ಆತಂತ!"

ಭಾಗ್ಯಾ ಅಂಗಳ ದಾಟಿ ಓಡಿದಳು. ಆಯಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಭಾಗ್ಯಾ ಬಾಯಿ ತೆರೆದವಳು ಹಾಗೇ ನಿಂತಳು.

ಆಯಿಯ ಕಣ್ಣು ಬೇಳೆಯ ಮೇಲೆ ಇದ್ದವು. ಕೈ ಕಲ್ಲು ಆರಿಸುತ್ತಿತ್ತು. ಆದರೆ ಕೆಳಗೆ ಅವಳ ಬಲಗಾಲು ನೆಲವನ್ನು ಒತ್ತುತ್ತಿತ್ತು. ಕೊಟ್ಟಿಗೆಯಲ್ಲಿ ಇಂಜಿನ್ನಿನ ಸದ್ದು ಕುಗ್ಗಿದರೆ ಹೆಬ್ಬೆರಳು ಕೆಳಗೆ ಇಳಿಯುತ್ತಿತ್ತು. ಸದ್ದು ಜೋರಾದರೆ ಮೆಲ್ಲಗೆ ಮೇಲೆ ಏಳುತ್ತಿತ್ತು.

"ಆಯಿ, ನಿನ್ನ ಕಾಲು ಏನ ಮಾಡಾಕತ್ತೈತಿ?"

ಆಯಿ ತನ್ನ ಕಾಲನ್ನು ನೋಡಿದಳು. ಕಳ್ಳನನ್ನು ಹಿಡಿದಂತೆ ಅದನ್ನು ಮೇಲೆಳೆದು ಸೀರೆಯೊಳಗೆ ಮುಚ್ಚಿಕೊಂಡಳು.

"ಇರುವಿ ಕಚ್ಚಿತ್ತು."

"ಇರುವಿ ಇಂಜಿನ್ ಸದ್ದಿಗಿ ಕಚ್ಚತೈತೇನು?"

ಭಾಗ್ಯಾ ಪಕ್ಕದಲ್ಲಿ ಕುಳಿತಳು. ಅವಳಿಗೆ ಗಾಲಿಯ ಮೇಲಿನ ನುಣುಪಾದ ಪಟ್ಟಿ ನೆನಪಾಯಿತು. ಅದನ್ನು ಹೇಳಿದಳು. ಒಂದೇ ಗಾಲಿ ಸವೆದಿದೆ ಎಂಬುದನ್ನೂ ಹೇಳಿದಳು.

ಆಯಿ ಬಹಳ ಹೊತ್ತು ಬೇಳೆಯಲ್ಲಿ ಇಲ್ಲದ ಕಲ್ಲು ಹುಡುಕಿದಳು. ಆಮೇಲೆ ದನಿ ತಗ್ಗಿಸಿ, "ಯಾರ ಮುಂದೂ ಆಡಬ್ಯಾಡ. ನಿಮ್ಮ ಮುತ್ಯಾನ ಮರ್ಯಾದಿ ಮಾತು," ಎಂದಳು.

"ಇಲ್ಲ, ಆಡೂದಿಲ್ಲ."

"ಆ ವರ್ಷ ದನಕ್ಕ ಹಾಕೂ ಜ್ವಾಳದ ಕಣಿಕಿ ಭಾಳ ಆಗಿತ್ತು. ಊರಿಗಿ ಇನ್ನಾ ಕರೆಂಟ್ ಬಂದಿರಲಿಲ್ಲ. ಕಣಿಕಿ ಕತ್ತರಸೂ ಮಷೀನಿನ ಡೀಜಲ್ ಇಂಜಿನ್ ಕೆಟ್ಟು ಕುಂತಿತ್ತು. ಈ ಕಾರು ನೋಡಿದ್ರ, ಗಟ್ಟಿಮುಟ್ಟಾಗಿ ನಿಂತೈತಿ, ಏನೂ ಕೆಲಸಿಲ್ಲ. ನಿಮ್ಮ ಮುತ್ಯಾ ಏನ ಮಾಡಿದ್ರು, ಬಲಗಡಿ ಹಿಂದಿನ ಗಾಲಿ ಒಂದನ್ನ ಎತ್ತಿ ಕಲ್ಲು ಕೊಟ್ರು. ಟಾಯರ್ ಬಿಚ್ಚಿದ್ರು. ಬರೀ ಗಾಲಿಗಿ ಹಿಟ್ಟಿನ ಗಿರಣ್ಯಾಗಿನಂಥಾ ಪಟ್ಟಾ ಹಾಕಿ ಮಷೀನಿಗಿ ಜೋಡಿಸಿದ್ರು. ಕಾರು ನಿಂತಲ್ಲೇ ಓಡಾಕ ಹತ್ತಿತು. ಕಣಿಕಿ ಚರಚರ ಕತ್ತರಿಸಿ ಬೀಳಾಕ ಹತ್ತಿತು."

ಭಾಗ್ಯಾಳ ಬಾಯಿ ತೆರೆದೇ ಇತ್ತು. "ರೇಸಿನ ಕಾರು? ಕಣಿಕಿ?"

"ಮೆಲ್ಲಕ! ಅದಕ್ಕ ಬಾಗಲಾ ಹಾಕೊಂಡು ಮಾಡ್ತಿದ್ವಿ. ಆಳುಗೋಳಿಗೂ ಹೇಳಲಿಲ್ಲ. ಹೇಳಿದ್ರ ಸಿಂದಗಿ ಸಂತಿ ತುಂಬ ನಗತಿದ್ರು. ನಿಮ್ಮಪ್ಪ, ಕಾಕಾ ಇಬ್ರೂ ಬಿಜಾಪುರದಾಗ ಬೋರ್ಡಿಂಗನ್ಯಾಗ ಇದ್ರು. ಮುತ್ಯಾ ಮಷೀನಿಗಿ ಕಣಿಕಿ ಕೊಡ್ತಿದ್ರು."

"ಮತ್ತ ಕಾರ್ ಹೊಡಿಯಾವ್ರು?"

ಆಯಿ ಸೆರಗು ಸರಿಮಾಡಿಕೊಂಡಳು.

"ಯಾರರ ಒಬ್ರು ಎಕ್ಸಿಲೇಟರ್ ಒತ್ತಬೇಕಲ್ಲ. ಕಣಿಕಿ ಸಿವುಡು ದಪ್ಪ ಬಂದ್ರ ಜೋರ ಒತ್ತಬೇಕು. ತೆಳ್ಳಗ ಬಂದ್ರ ಬಿಡಬೇಕು. ಮುತ್ಯಾ 'ಹೋ' ಅಂದ್ರ ಕ್ಲಚ್ ತುಳೀಬೇಕು. ತಡಾ ಆದ್ರ ಕೈನೂ ಕಣಿಕಿಯಂಗ ಕತ್ತರಿಸಿ ಹೋಗ್ತೈತಿ, ಹುಡುಗಾಟಿಕಿ ಅಲ್ಲ."

"ಎಷ್ಟು ದಿನಾ ಹೊಡದಿ?"

"ಕರೆಂಟ್ ಬರೂ ತನಕಾ. ವರ್ಷಗಟ್ಟಲೆ ಆತು."

"ಹಂಗಾದ್ರ ಮೀಟರನ್ಯಾಗಿನ ಮೈಲಿ?"

"ಸೋಲಾಪುರದಿಂದ ಬಂದದ್ದೊಂದು ಬಿಟ್ರ," ಆಯಿಯ ಬೆನ್ನು ಸ್ವಲ್ಪ ನೆಟ್ಟಗಾಯಿತು, "ಉಳಿದದ್ದು ಹೆಚ್ಚೂಕಡಿಮಿ ನಂದ."

ಭಾಗ್ಯಾಳಿಗೆ ನಗು ಬಂತು. ಆಯಿಗೂ ಬಂತು. ಇಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಂದೇ ಸಮನೆ ನಕ್ಕರು.

ನಗು ನಿಂತ ಮೇಲೆ ಭಾಗ್ಯಾ ಕೇಳಿದಳು, "ಅಷ್ಟೊತ್ತು ಕುಂತಾಗ ಮುಂದ ಏನ ಕಾಣ್ತಿತ್ತು ಆಯಿ?"

"ಗ್ವಾಡಿ. ಮತ್ತೇನು?"

"ಎಲ್ಲಿಗಿರ ಹೊಂಟಂಗ ಅನಸ್ತಿರಲಿಲ್ಲೇನು?"

ಬೇಳೆ ಹಸನಾಗಿತ್ತು. ಆದರೂ ಆಯಿ ಅದನ್ನು ಮತ್ತೊಮ್ಮೆ ಮೊರಕ್ಕೆ ಸುರಿದುಕೊಂಡಳು.

*

ಸೋಲಾಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬೇರಿಂಗು, ಗೇರು ಬಂದು ಮುಟ್ಟಿದ್ದು ಸಾಲಿ ಸುರುವಾಗುವ ಹಿಂದಿನ ದಿನ. ಕಾಕಾ, ಮೋದಿನಸಾಬ ಊಟ ಮರೆತು ಜೋಡಿಸಿದರು. ಸಂಜೆಗೆ ಪಡುವಣ ದಿಕ್ಕಿನಲ್ಲಿ ಮೋಡ ಏರಿತು.

"ನಾಳಿ ಮುಂಜಾನಿ ಒಂದ ಚಾನ್ಸ್," ಎಂದ ಕಾಕಾ ಮೋಡ ನೋಡುತ್ತ. "ಮಳಿ ಹಿಡೀತಂದ್ರ ಈ ಎರಿ ನೆಲದಾಗ ಗಾಡಿ ಹೊರಗ ತಗಿಯೂದು ದಸರಾ ಆದಮ್ಯಾಲ."

ರಾತ್ರಿ ಮಳೆ ಬರಲಿಲ್ಲ. ಬೆಳಿಗ್ಗೆ ಗಾಳಿಯಲ್ಲಿ ತೇವದ ವಾಸನೆ ಇತ್ತು.

ಕೊಟ್ಟಿಗೆಯ ದೊಡ್ಡ ಬಾಗಿಲು ತೆರೆದು ಕಾರನ್ನು ಹೊರಗೆ ದಬ್ಬಿದರು. ಕೆಂಪು ಬಣ್ಣ ಬಿಸಿಲಿಗೆ ಫಳಫಳ ಅಂದಿತು. ಅದರ ಮುಂದೆ ಬಂಡಿದಾರಿ ಹೊಲಗಳ ನಡುವೆ ನೆಟ್ಟಗೆ ಹೋಗಿ, ದೂರದ ಬೇವಿನ ಮರದ ಹತ್ತಿರ ಬಲಕ್ಕೆ ತಿರುಗುತ್ತಿತ್ತು. ತಿರುವು ದಾಟಿದರೆ ಸಾಲಿ. ದಾರಿಯ ಪಕ್ಕ ಹುಡುಗರ ದಂಡೇ ನಿಂತಿತ್ತು. ಎಲ್ಲರಿಗಿಂತ ಮುಂದೆ ಪರಶು.

"ಎತ್ತ ಎಲ್ಲ್ಯದಾವ?" ಎಂದು ಅವನು ಕೂಗಿದ. ಆದರೆ ಅವನ ದನಿ ಮೊದಲಿನಷ್ಟು ಜೋರಾಗಿರಲಿಲ್ಲ.

ಅವ್ವ ನಾಲ್ಕೂ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟಳು. ಕಾಕಾ ಸ್ಟೇರಿಂಗ್ ಹಿಡಿದು ಕುಳಿತ. ಯೂನಿಫಾರ್ಮು, ಎರಡು ಜಡೆ, ಬಿಳಿ ರಿಬ್ಬನ್ನು, ತೊಡೆಯ ಮೇಲೆ ಪಾಟಿಚೀಲ, ಹೀಗೆ ಭಾಗ್ಯಾ ಎಡಗಡೆ ಸೀಟಿನಲ್ಲಿ ರಾಣಿಯಂತೆ ಕುಳಿತಳು. ರೆಕ್ಸಿನ್ ತಣ್ಣಗಿತ್ತು. ಕಾಕಾ ಕೀಲಿ ತಿರುವಿದ. ಸೀಟು ನಡುಗಿತು.

ಪರಶುವಿನ ಮುಖ ನೋಡಬೇಕೆಂದು ಅವಳು ತಿರುಗಿದಳು. ಕಣ್ಣಿಗೆ ಬಿದ್ದದ್ದು ಆಯಿ.

ಆಯಿ ಕೊಟ್ಟಿಗೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಲ್ಲರೂ ಕಾರನ್ನು ನೋಡುತ್ತಿದ್ದರು. ಆಯಿ ಕಾರನ್ನು ನೋಡುತ್ತಿರಲಿಲ್ಲ. ಕಾರಿನ ಮುಂದೆ ಬಿದ್ದಿದ್ದ ದಾರಿಯನ್ನು ನೋಡುತ್ತಿದ್ದಳು.

ಕಾಕಾ ಇನ್ನೇನು ಗೇರು ಹಾಕಬೇಕು, ಅಷ್ಟರಲ್ಲಿ ಎಡಗಡೆ ಬಾಗಿಲು ತೆರೆಯಿತು.

"ಏ, ಎಲ್ಲಿಗಿ?"

"ಕಾಕಾ, ನೀ ಈ ಕಡಿ ಬಾ. ಆಯಿ ಆ ಕಡಿ ಕೂಡ್ತಾಳ."

"ಆ ಕಡಿ ಅಂದ್ರ? ಹೊಡಿಯೂ ಸೀಟನ್ಯಾಗ?" ಕಾಕಾ ನಕ್ಕ. "ಮೋದಿನಸಾಬ, ಹುಡುಗಿ ತಲಿಗಿ ಚಿಮಣಿ ಎಣ್ಣಿ ಏರೇತಿ ನೋ‌ಡ್ರಿ."

"ಆಯಿಗಿ ಬರ್ತೈತಿ."

"ಏನ ಬರ್ತೈತಿ?"

ಭಾಗ್ಯಾ ಹೇಳುವಂತಿರಲಿಲ್ಲ. ಹೋಗಿ ಆಯಿಯ ಕೈ ಹಿಡಿದಳು.

"ಹುಚ್ಚಿ, ಹೋಗಿ ಕೂಡು. ನಿನ್ನ ಸೀಟು ಅದು," ಎಂದಳು ಆಯಿ. ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ. ಭಾಗ್ಯಾ ನಿಂತೇ ಇದ್ದಳು. ಆಯಿ ಅವಳ ಮುಖ ನೋಡಿದಳು, ದಾರಿ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದು, ಕಾರಿನ ಬಲಗಡೆಗೆ ನಡೆದಳು.

"ಸರಿ ಅತ್ತಾಗ."

"ಅವ್ವಾ, ಇದು ಎತ್ತಿನ ಬಂಡಿ ಅಲ್ಲ!"

"ಗೊತ್ತೈತಿ. ಬಂಡಿಗಿ ಕ್ಲಚ್ ಇರಂಗಿಲ್ಲ."

ಕಾಕಾ ಎಡಗಡೆ ಸೀಟಿಗೆ ಸರಿದು, ಒಂದು ಕೈಯಿಂದ ಹ್ಯಾಂಡ್ ಬ್ರೇಕನ್ನೂ ಇನ್ನೊಂದು ಕೈಯಿಂದ ಬಾಗಿಲನ್ನೂ ಗಟ್ಟಿಯಾಗಿ ಹಿಡಿದುಕೊಂಡ. ಆಯಿ ಚಪ್ಪಲಿ ಬಿಟ್ಟು ಒಳಗೆ ಕುಳಿತಳು. ಬರಿಗಾಲಿನಿಂದ ಕ್ಲಚ್ ತುಳಿದಳು. ಗೇರು ಹಾಕಿದಳು. ಕಾಲು ಮೆಲ್ಲಗೆ, ಬಹಳ ಮೆಲ್ಲಗೆ ಬಿಟ್ಟಳು.

ಲಿಂಬೆಹಣ್ಣು ಚಟ್ ಚಟ್ ಎಂದು ಒಡೆದವು. ಕಾರು ಹೊರಟಿತು.

ಒಂದು ಜಿಗಿತವಿಲ್ಲ, ಒಂದು ಕುಲುಕಾಟವಿಲ್ಲ. ಹಾಲು ಉಕ್ಕಿದಂತೆ ಹೊರಟಿತು. ಆಯಿಯ ನರೆತ ಕೂದಲು ಗಾಳಿಗೆ ಬಿಚ್ಚಿಕೊಂಡವು. ಹುಡುಗರೆಲ್ಲ ಹೋ ಎನ್ನುತ್ತ ಧೂಳಿನಲ್ಲಿ ಬೆನ್ನು ಹತ್ತಿದರು. ಭಾಗ್ಯಾ ಎಲ್ಲರಿಗಿಂತ ಮುಂದೆ ಓಡಿದಳು. ಮೋದಿನಸಾಬ ಲುಂಗಿ ಎತ್ತಿಕೊಂಡು ಎಲ್ಲರಿಗಿಂತ ಹಿಂದೆ ಓಡಿದ. ಕಾರು ನೆಟ್ಟಗೆ, ದಾರ ಹಿಡಿದು ಎಳೆದಂತೆ ನೆಟ್ಟಗೆ ಹೋಯಿತು. ಬೇವಿನ ಮರದ ಹತ್ತಿರ ತಲುಪಿತು.

ಅಲ್ಲಿ ನಿಂತುಬಿಟ್ಟಿತು.

ಭಾಗ್ಯಾ ಏದುಸಿರು ಬಿಡುತ್ತ ಬಂದಾಗ ಕಾಕಾ ಕೇಳುತ್ತಿದ್ದ, "ಯಾಕ ನಿಲ್ಲಸಿದಿ? ತಿರುವು ಅವ್ವಾ, ಬಲಕ್ಕ ತಿರುವು."

"ತಿರುವೂದು ನನಗ ಬರೂದಿಲ್ಲ," ಎಂದಳು ಆಯಿ.

"ಅಂದ್ರ?"

"ನಿಮ್ಮಪ್ಪ ಅದನ್ನ ಕಲ್ಸಲೇ ಇಲ್ಲ. ಗ್ವಾಡಿ ಮುಂದ ಕುಂತು ಕಣಿಕಿ ಕತ್ತರಸಾಕ ತಿರುವೂದು ಯಾಕ ಬೇಕಾಗಿತ್ತು?"

ಹೇಳಿದ ಮೇಲೆ ಆಯಿ ನಾಲಿಗೆ ಕಚ್ಚಿಕೊಂಡಳು. ಕಾಕಾ ಕಣ್ಣು ಪಿಳಿಪಿಳಿ ಬಿಟ್ಟ. ಆಗಷ್ಟೇ ಬಂದು ಮುಟ್ಟಿದ ಮೋದಿನಸಾಬ ಒಮ್ಮೆ ಆಯಿಯನ್ನೂ ಒಮ್ಮೆ ಬಲಗಡೆಯ ಹಿಂದಿನ ಗಾಲಿಯನ್ನೂ ನೋಡಿದ. ಪಟ್ ಎಂದು ಹಣೆ ಬಡಿದುಕೊಂಡ.

"ಯಾ ಅಲ್ಲಾ! ಪಟ್ಟಾ! ಪಟ್ಟಾ ಹಾಕಿದ್ರೇನ್ರಿ ಅವ್ವಾರ? ನಾ ಇಲ್ಲಿ ಎಡಕ್ಕ ತಿರುಗ್ಯಾರ, ಬಲಕ್ಕ ತಿರುಗ್ಯಾರ ಅಂತ ತಲಿ ಕೆಡಿಸ್ಕೊಂಡೇನಿ!"

ನಗು ಮೊದಲು ಆಯಿಯಿಂದಲೇ ಹೊರಟಿತು. ಆಮೇಲೆ ಕಾಕಾ, ಆಮೇಲೆ ಎಲ್ಲರೂ ನಕ್ಕರು. ಏಕೆ ನಗಬೇಕೆಂದು ತಿಳಿಯದ ಹುಡುಗರೂ ನಕ್ಕರು.

ತಿರುವಿನ ಆಚೆಯಿಂದ ಸಾಲಿಯ ಗಂಟೆ ಕೇಳಿಸಿತು.

"ಇಳಿ ಅವ್ವಾ," ಎಂದ ಕಾಕಾ. "ಹುಡುಗಿನ್ನ ಗೇಟಿನ ತನಕಾ ಬಿಟ್ಟು ಬರ್ತೇನಿ. ಆಕಿಗಿ ಮಾತ ಕೊಟ್ಟೇನಿ."

"ಹೌದಲ್ಲ," ಎಂದಳು ಆಯಿ. ಬಾಗಿಲಿಗೆ ಕೈ ಹಾಕಿದಳು. ಆದರೆ ಇನ್ನೊಂದು ಕೈ ಸ್ಟೇರಿಂಗ್ ಮೇಲೆಯೇ ಇತ್ತು. ಅದು ಅಲ್ಲಿಂದ ಏಳಲು ತಡ ಮಾಡುತ್ತಿತ್ತು.

ಭಾಗ್ಯಾ ಆ ಕೈಯನ್ನು ನೋಡಿದಳು. ನಾಲ್ಕು ಹೆಜ್ಜೆಯ ಆಚೆ ತಿರುವು. ತಿರುವಿನ ಆಚೆ ಗೇಟು.

"ನಾ ನಡಕೋತ ಹೋಗ್ತೇನಿ," ಎಂದಳು. ತಾನೇ ಅಂದದ್ದೋ ಎಂದು ಅವಳಿಗೇ ಅನ್ನಿಸಿತು. "ಆಯಿ, ಇನ್ನೊಮ್ಮಿ ಹೊಡೀತಿಯೇನು?"

ಆಯಿ ಅವಳನ್ನು ನೋಡಿದಳು. "ಹಿಂದಕ ಒಯ್ಯೂದೂ ನನಗ ಬರೂದಿಲ್ಲಲ್ಲ."

"ಕೊಟ್ಟಿಗಿ ತನಕಾ ನಾವು ದಬ್ತೇವಿ."

"ತಡಿ ತಡಿ," ಎಂದ ಪರಶು. "ಕಾರ್ ಗೇಟಿಗಿ ಬರಲಿಲ್ಲ. ನೀ ಅದರಾಗ ಕುಂತೂ ಇಲ್ಲ." ಅವನು ತನ್ನ ಪಾಟಿಚೀಲ ತೆಗೆದು ಚಾಚಿದ.

ಭಾಗ್ಯಾ ಅದನ್ನು ತೆಗೆದುಕೊಂಡು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಪರಶು ಕಾದ. ಅವಳು ಜಗಳವಾಡಲಿಲ್ಲ. ಅವನಿಗೆ ಏನೋ ಕಡಿಮೆಯಾದಂತೆ ಆಯಿತು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಮೊದಲನೇ ದಿನಾ ಮಾಸ್ತರು ಲೇಟಾಗೇ ಬರ್ತಾರ," ಎನ್ನುತ್ತ ತಾನೂ ಬಂದು ಕಾರಿನ ಮೂತಿಗೆ ಕೈ ಕೊಟ್ಟ. ಹಿಂದೆಯೇ ಹುಡುಗರೆಲ್ಲ ಬಂದರು.

"ಐಸಾ!" ಎಂದ ಮೋದಿನಸಾಬ.

ಕಾರು ನಿಧಾನವಾಗಿ ಹಿಂದಕ್ಕೆ ಉರುಳಿತು. ಭಾಗ್ಯಾ ನಟ್ಟನಡುವೆ ನಿಂತು ದಬ್ಬುತ್ತಿದ್ದಳು. ಎದುರಿನ ಗಾಜಿನ ಆಚೆ ಆಯಿ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಕುಳಿತಿದ್ದಳು. ಆಯಿ ತನ್ನನ್ನೇ ನೋಡುತ್ತಿದ್ದಾಳೆ ಎಂದುಕೊಂಡು ಭಾಗ್ಯಾ ನಕ್ಕಳು. ಆಯಿ ನಗಲಿಲ್ಲ. ಅವಳ ಕಣ್ಣು ಭಾಗ್ಯಾಳ ತಲೆಯ ಮೇಲಿಂದ ಹಾದು, ಎಲ್ಲೋ ಬಹಳ ದೂರ ಹೋಗಿದ್ದವು.

ಭಾಗ್ಯಾ ತಿರುಗಿ ನೋಡಲಿಲ್ಲ. ಆಯಿಯ ಕಣ್ಣಿಗೆ ಅಡ್ಡ ಬರದಂತೆ ತಲೆ ತಗ್ಗಿಸಿ, ಇನ್ನಷ್ಟು ಜೋರಾಗಿ ದಬ್ಬಿದಳು.